ಅರ್ಧಕ್ಕೆ ನಿಂತ ಡೌನ್‌ಲೋಡ್: ಮುಂದುವರಿಸುವುದು ಹೇಗೆ?

ಬಾವಿಯಿಂದ ನೀರು ಸೇದುವಾಗ ಹಗ್ಗ ಕೈಜಾರಿದರೆ ಕೊಡ ತಳ ಸೇರುತ್ತದೆ. ಆದರೆ ಅಷ್ಟರಲ್ಲಿ ಹಂಡೆಗೆ ಸುರಿದಿಟ್ಟ ನೀರು ಎಲ್ಲಿಗೂ ಹೋಗುವುದಿಲ್ಲ. ಇಂಟರ್‌ನೆಟ್ಟಿನಿಂದ ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುವಾಗ ಮಾತ್ರ ಎಷ್ಟೋ ಸಲ ಕೊಡದ ಜೊತೆಗೆ ಹಂಡೆಯೂ ಬರಿದಾಗುತ್ತದೆ. ಶೇಕಡಾ 92ರಷ್ಟು ಬಂದಿರುವಾಗ ಸಂಪರ್ಕ ಕಡಿದುಹೋಗುತ್ತದೆ. ಮತ್ತೆ ಶುರು ಮಾಡಿದರೆ ಲೆಕ್ಕ ಸೊನ್ನೆಯಿಂದ. ನಷ್ಟವಾಗುವುದು ಸಮಯವಷ್ಟೇ ಅಲ್ಲ, ಅಪ್ಪ ಅಮ್ಮ ದುಡ್ಡು ಕೊಟ್ಟು ಹಾಕಿಸಿದ ಡೇಟಾ ಕೂಡ.

ಒಂದು ಲೆಕ್ಕ ಹಾಕಿ ನೋಡಿ. ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 24.04 ಆವೃತ್ತಿಯನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬೇಕು ಎನ್ನಿ. ಆ ಕಡತದ ಗಾತ್ರ 5 ಜಿಬಿಗೂ ಹೆಚ್ಚು. ಮನೆಯ ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಬರುವುದು ಕಾಲು ಮೆಗಾಬೈಟ್ ಮಾತ್ರ. 5 ಜಿಬಿ ಬರಲು ಸುಮಾರು ಐದೂವರೆ ತಾಸು ಬೇಕು. ದಿನಕ್ಕೆ 2 ಜಿಬಿಯ ಪ್ಯಾಕ್ ಇರುವ ಮನೆಯಲ್ಲಾದರೆ ಮೂರು ದಿನದ ಕೆಲಸ. ಇಷ್ಟು ಹೊತ್ತು ಕರೆಂಟು ಹೋಗದೆ, ಸಿಗ್ನಲ್ ಬೀಳದೆ ಇರುವುದು ಮಲೆನಾಡಿನ ಮಳೆಗಾಲದಲ್ಲಂತೂ ಕನಸಿನ ಮಾತು. ಇಂಥ ಕಡೆ ವೇಗಕ್ಕಿಂತ ಮುಖ್ಯವಾದದ್ದು ನಿಂತಲ್ಲಿಂದ ಮುಂದುವರಿಸುವ ಸಾಮರ್ಥ್ಯ. ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶದ ಮುಖ್ಯ ಕಸುಬು ಇದೇ.

ಇದು ಹೇಗೆ ಸಾಧ್ಯ? 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲಿ ಒಂದು ಸೌಲಭ್ಯವಿದೆ. ಕಡತವನ್ನು ಪೂರ್ತಿ ಕೇಳುವ ಬದಲು 'ಇಷ್ಟನೇ ಬೈಟಿನಿಂದ ಮುಂದಿನದನ್ನು ಕಳಿಸು' ಎಂದು ಕಂಪ್ಯೂಟರ್ ಕೇಳಬಹುದು. ಅತ್ತಲಿನ ಸರ್ವರ್ ಒಪ್ಪಿದರೆ 206 ಎಂಬ ಸಂಕೇತದೊಡನೆ ಉಳಿದ ಭಾಗವನ್ನಷ್ಟೇ ಕಳಿಸುತ್ತದೆ. ಒಪ್ಪದಿದ್ದರೆ 200 ಎಂಬ ಸಂಕೇತದೊಡನೆ ಇಡೀ ಕಡತವನ್ನು ಮೊದಲಿನಿಂದ ಸುರಿಯುತ್ತದೆ. ಅಂದರೆ ಚಪ್ಪಾಳೆಗೆ ಎರಡೂ ಕೈ ಬೇಕು. ಸರ್ವರಿಗೆ ಈ ವಿದ್ಯೆ ಬರದಿದ್ದರೆ ಎಷ್ಟೇ ದುಬಾರಿ ಮ್ಯಾನೇಜರ್ ತಂದರೂ ಪ್ರಯೋಜನವಿಲ್ಲ.

'ನಮ್ಮ ಬ್ರೌಸರಿನಲ್ಲೇ ಈ ಸೌಲಭ್ಯ ಇದೆಯಲ್ಲ?' ಎಂದು ಕೆಲವರು ಕೇಳಬಹುದು. ಇದೆ, ನಿಜ. ಕ್ರೋಮ್, ಫೈರ್‌ಫಾಕ್ಸ್ ಎರಡೂ ನಿಂತ ಡೌನ್‌ಲೋಡನ್ನು ಮುಂದುವರಿಸಬಲ್ಲವು. ನೂರಿನ್ನೂರು ಎಂಬಿಯ ಕಡತಕ್ಕೆ ಅಷ್ಟು ಸಾಕು. ಆದರೆ ಸಂಪರ್ಕ ಮತ್ತೆ ಮತ್ತೆ ತಪ್ಪುವ ಕಡೆ ಯಾರೂ ಮುಂದೆ ಕೂತು ಕಾಯದೆ, ದಣಿಯದೆ, ತಾನಾಗಿಯೇ ಪುನಃ ಪ್ರಯತ್ನಿಸುವ ಸಾಧನ ಬೇಕು.

ಅಂಥವುಗಳಲ್ಲಿ ಹಳೆಯದು ಜಿಎನ್‌ಯು ಬಳಗದ ಡಬ್ಲ್ಯುಗೆಟ್. ಹ್ರವೋಯೆ ನಿಕ್ಷಿಚ್ ಬರೆದ ಈ ಉಚಿತ ತಂತ್ರಾಂಶ 1996ರಲ್ಲಿ ಹೊರಬಂತು. ನಿಧಾನದ, ನೆಚ್ಚಲಾಗದ ಸಂಪರ್ಕಗಳಿಗೆಂದೇ ಗಟ್ಟಿಯಾಗಿ ಕಟ್ಟಲಾಗಿದೆ. ಸಂಪರ್ಕ ತಪ್ಪಿದರೆ ಅದು ಸಾಮಾನ್ಯವಾಗಿ 20 ಸಲ ಪ್ರಯತ್ನಿಸುತ್ತದೆ. ಬೇಕೆಂದರೆ ಮಿತಿಯಿಲ್ಲದಂತೆಯೂ ಮಾಡಬಹುದು. ಕಂಪ್ಯೂಟರ್ ಆರಿಸಿ ಮರುದಿನ ಮುಂದುವರಿಸುವಾಗ ಹಳೆಯ ಆದೇಶದ ಜೊತೆ 'ಸಿ' ಎಂಬ ಆಯ್ಕೆಯನ್ನು ಸೇರಿಸಬೇಕು. ಮರೆತರೆ ಹೊಸ ಹೆಸರಿನಲ್ಲಿ ಮೊದಲಿನಿಂದ ಆರಂಭ! ಆದೇಶ ಟೈಪು ಮಾಡಲು ಅಂಜದವರಿಗೆ ಏರಿಯಾ2 ಎಂಬ ಇನ್ನೊಂದು ಉಚಿತ ಸಾಧನವೂ ಇದೆ. ಒಂದೇ ಸರ್ವರಿನಿಂದ 16 ಎಳೆಗಳವರೆಗೆ ಏಕಕಾಲಕ್ಕೆ ಕಡತವನ್ನು ತರಬಲ್ಲದು.

ಕಿಟಕಿ, ಗುಂಡಿಗಳೇ ಬೇಕೆನ್ನುವವರಿಗೆ ಫ್ರೀ ಡೌನ್‌ಲೋಡ್ ಮ್ಯಾನೇಜರ್ ಉಂಟು. ಹೆಸರಿಗೆ ತಕ್ಕಂತೆ ಉಚಿತ. ಇಂಟರ್‌ನೆಟ್ ಡೌನ್‌ಲೋಡ್ ಮ್ಯಾನೇಜರ್ ವಿಂಡೋಸಿಗೆ ಮೀಸಲು. 30 ದಿನ ಪುಕ್ಕಟೆ ಪರೀಕ್ಷೆ, ಆಮೇಲೆ ಹಣ ಕೊಡಬೇಕು.

ಎಳೆಗಳು ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ ಎಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಕಿಲ್ಲ. ಸರ್ವರ್ ಪ್ರತಿ ಎಳೆಗೂ ಮಿತಿ ಹೇರಿದ್ದರೆ ಲಾಭವಿದೆ. ಮನೆಯ ಕೊಳವೆಯೇ ಕಿರಿದಾಗಿದ್ದರೆ ನಲ್ಲಿ ಎಂಟು ಹಾಕಿದರೂ ಬರುವ ನೀರು ಅಷ್ಟೇ.

ಹಾಗಾದರೆ ಆರಿಸುವುದು ಹೇಗೆ? ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬೇಕಾದ ಕಡತವನ್ನೇ ಇಳಿಸಲು ಆರಂಭಿಸಿ, 50 ಎಂಬಿಯಷ್ಟು ಬಂದ ಮೇಲೆ ವೈಫೈ ಆರಿಸಬೇಕು. ಎರಡು ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಯಾರೂ ಮುಟ್ಟದೆ ಕೆಲಸ ಮುಂದುವರಿಯಿತೆ? ಅನಂತರ ತಂತ್ರಾಂಶವನ್ನೇ ಮುಚ್ಚಿ ತೆರೆಯಬೇಕು. ಲೆಕ್ಕ 50ರಿಂದ ಮುಂದಕ್ಕೆ ಹೋದರೆ ತೇರ್ಗಡೆ. ಸೊನ್ನೆಗೆ ಇಳಿದರೆ ಸಾಧನವನ್ನೋ ಸರ್ವರನ್ನೋ ಬದಲಿಸಬೇಕು. 50 ಎಂಬಿ ಕಳೆದುಕೊಂಡು ತಿಳಿಯುವುದು 4 ಜಿಬಿ ಕಳೆದುಕೊಂಡು ತಿಳಿಯುವುದಕ್ಕಿಂತ ಮೇಲು. ಇದರ ಜೊತೆಗೆ ವೇಗಕ್ಕೆ ಕಡಿವಾಣ ಹಾಕುವ ಮತ್ತು ರಾತ್ರಿ ಇಂತಿಷ್ಟು ಹೊತ್ತಿಗೆ ಶುರುವಾಗುವಂತೆ ಮಾಡುವ ಸೌಲಭ್ಯಗಳಿದ್ದರೆ ಒಳ್ಳೆಯದು. ಅಣ್ಣನ ಡೌನ್‌ಲೋಡಿನಿಂದ ತಂಗಿಯ ಆನ್‌ಲೈನ್ ಪಾಠ ತಡವರಿಸಬಾರದಲ್ಲ!

ಮುಂದುವರಿಕೆಗೆ ಅಡ್ಡಿಯಾಗುವ ಎರಡು ಸಂಗತಿಗಳಿವೆ. ಲಾಗಿನ್ ಆದ ಮೇಲೆ ಸಿಗುವ ಕೆಲವು ಕೊಂಡಿಗಳ ಆಯುಸ್ಸು ಕೆಲವೇ ಗಂಟೆ. ಅವಧಿ ಮುಗಿದರೆ ಹೊಸ ಕೊಂಡಿಯನ್ನು ಹಳೆಯ ಕೆಲಸಕ್ಕೆ ಜೋಡಿಸಬೇಕಾಗುತ್ತದೆ. ಇನ್ನೊಂದು, ಪೆನ್‌ಡ್ರೈವ್. ಫ್ಯಾಟ್32 ಮಾದರಿಯಲ್ಲಿ ಸಿದ್ಧವಾದ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಸದು, ಜಾಗ ಎಷ್ಟೇ ಖಾಲಿ ಇರಲಿ. ನೇರವಾಗಿ ಅದಕ್ಕೇ ಇಳಿಸಹೊರಟವರು ಕೊನೆಯಲ್ಲಿ ಕೈಚೆಲ್ಲಬೇಕಾದೀತು.

ಪೋಷಕರು ಗಮನಿಸಬೇಕಾದದ್ದು ಬೇರೆಯೇ ಇದೆ. ಹಣದ ತಂತ್ರಾಂಶವನ್ನು ಪುಕ್ಕಟೆಯಾಗಿಸುವ 'ಕ್ರ್ಯಾಕ್' ಎಂಬ ಕಳ್ಳ ಪ್ರತಿಗಳು ವೈರಸ್ಸಿಗೆ ತೆರೆದ ಹೆಬ್ಬಾಗಿಲು. ಬ್ಯಾಂಕಿನ ವ್ಯವಹಾರವೂ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದರೆ ಅಪಾಯ ಮಗನ ಪಾಠಕ್ಕಷ್ಟೇ ಸೀಮಿತವಲ್ಲ. ಉಚಿತವಾದದ್ದನ್ನೂ ಅದರದೇ ತಾಣದಿಂದ ಪಡೆಯಬೇಕು. ಅಷ್ಟಕ್ಕೇ ನಿಶ್ಚಿಂತೆಯೂ ಸಲ್ಲದು. ಫ್ರೀ ಡೌನ್‌ಲೋಡ್ ಮ್ಯಾನೇಜರಿನ ತಾಣಕ್ಕೇ ಕಳ್ಳರು ನುಗ್ಗಿ, 2020ರಿಂದ 2022ರವರೆಗೆ ಅದರ ಲಿನಕ್ಸ್ ಆವೃತ್ತಿ ಕೇಳಿಬಂದ ಕೆಲವರಿಗೆ ವಿಷ ಬೆರೆತ ಪ್ರತಿ ಕೊಡುತ್ತಿದ್ದುದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆ 2023ರಲ್ಲಿ ಬಯಲಿಗೆಳೆಯಿತು.

ಕಡತ ಪೂರ್ತಿ ಬಂದ ಮೇಲೂ ಒಂದು ಕೆಲಸ ಬಾಕಿ. ಹಲವು ಕಂತುಗಳಲ್ಲಿ ಬಂದ ತುಂಡುಗಳು ಸರಿಯಾಗಿ ಕೂಡಿವೆಯೇ ಎಂದು ನೋಡಬೇಕು. ಉಬುಂಟುವಿನಂಥ ತಾಣಗಳು ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಎಂಬ 64 ಅಕ್ಷರ-ಅಂಕಿಗಳ ಗುರುತನ್ನು ಪ್ರಕಟಿಸುತ್ತವೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಗುರುತು ಬೇರೆಯಾಗುತ್ತದೆ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್, ಲಿನಕ್ಸಿನಲ್ಲಿ ಎಸ್‌ಎಚ್‌ಎ256ಸಮ್ ಎಂಬ ಆದೇಶಗಳು ಇದನ್ನು ಲೆಕ್ಕ ಹಾಕಿಕೊಡುತ್ತವೆ. ಎರಡೂ ತಾಳೆಯಾದರೆ ಧೈರ್ಯವಾಗಿ ಬಳಸಬಹುದು. ತಾಳೆಯಾಗದ ಕಡತದಿಂದ ಲ್ಯಾಪ್‌ಟಾಪಿನ ಹಳೆಯ ವ್ಯವಸ್ಥೆಯನ್ನು ಅಳಿಸಹೊರಟರೆ ಪರೀಕ್ಷೆಯ ಮುನ್ನಾದಿನ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಬಂದೀತು. ಪರಿಶೀಲನೆಗೆ ಬೇಕಾದದ್ದು ಎರಡು ನಿಮಿಷ. ಅದಕ್ಕೆ ಇಂಟರ್‌ನೆಟ್ಟೂ ಬೇಡ.