ಮನೆ ಪ್ಲಾನ್‌ನಲ್ಲಿದ್ದ ಅಳತೆಗಳು ಮಾಯವಾದರೆ ಯಾರೋ ಅಳಿಸಿದ್ದಾರೆ ಎಂದೇ ಅರ್ಥವೇ?

ಪಾಯ ತೆಗೆಯಲು ಮೇಸ್ತ್ರಿ ಬಂದು ನಿಂತಿದ್ದಾರೆ. ಎಂಜಿನಿಯರ್ ಕಚೇರಿಯಿಂದ ಮನೆಯ ಪ್ಲಾನ್ ಮತ್ತೊಮ್ಮೆ ಮೊಬೈಲ್‌ಗೆ ಬಂದಿದೆ. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲವೂ ಕಾಣುತ್ತಿವೆ. ಆದರೆ ಹಿಂದೆ ಇದ್ದ ಅಡಿ, ಅಂಗುಲದ ಅಂಕಿಗಳು ಒಂದೂ ಇಲ್ಲ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಮೂರು ಮಾತು ಕೇಳಿಬರುತ್ತವೆ: ದುಡ್ಡಿಗಾಗಿ ಅಳತೆ ಅಳಿಸಿದ್ದಾರೆ, ಫೈಲ್‌ಗೆ ವೈರಸ್ ಬಂದಿದೆ, ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆದರೆ ಸಾಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಮನೆ ಕಟ್ಟುತ್ತಿರುವ ಯಾರಿಗೂ ಈ ಪರಿಸ್ಥಿತಿ ಬರಬಹುದು. ಮೊದಲ ಎರಡು ಮಾತು ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು. ಮೂರನೆಯದು ಅಪಾಯಕಾರಿ.

ಕಾಗದದ ನಕ್ಷೆಗೂ ಕಂಪ್ಯೂಟರ್ ನಕ್ಷೆಗೂ ಏನು ವ್ಯತ್ಯಾಸ?

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ಅವರ ಕಾಲದ ಎಂಜಿನಿಯರುಗಳು ಕಾಗದದ ಮೇಲೆ ಶಾಯಿಯಲ್ಲಿ ಬರೆದ ಅಂಕಿ ಯಾರು ನೋಡಿದರೂ ಒಂದೇ ಆಗಿರುತ್ತಿತ್ತು. ಆಟೋಕ್ಯಾಡ್ ಮೊದಲು ಬಂದದ್ದು 1982ರಲ್ಲಿ. ಇಂಥ ಕ್ಯಾಡ್ ತಂತ್ರಾಂಶದಲ್ಲಿ ಅಳತೆ ಎಂಬುದು ಬರೀ ಅಂಕಿಯಲ್ಲ. ಅದು ಎರಡು ಬಿಂದುಗಳ ನಡುವಿನ ದೂರವನ್ನು ಲೆಕ್ಕ ಹಾಕಿ ತೋರಿಸುವ ಒಂದು ವಸ್ತು. ಅದನ್ನು ತೋರಿಸಬೇಕೇ ಬೇಡವೇ, ಯಾವ ಅಕ್ಷರದಲ್ಲಿ, ಎಷ್ಟು ದೊಡ್ಡದಾಗಿ ತೋರಿಸಬೇಕು ಎಂಬುದನ್ನು ಬೇರೆ ಬೇರೆ ಸೆಟ್ಟಿಂಗ್‌ಗಳು ನಿರ್ಧರಿಸುತ್ತವೆ. ಕಂಪ್ಯೂಟರ್, ತಂತ್ರಾಂಶ ಅಥವಾ ಅದರ ಆವೃತ್ತಿ ಬದಲಾದಾಗ ಈ ಸೆಟ್ಟಿಂಗ್ ಏರುಪೇರಾದರೆ ಅಳತೆ ಫೈಲಿನಲ್ಲೇ ಇದ್ದರೂ ಕಣ್ಣಿಗೆ ಕಾಣುವುದಿಲ್ಲ.

ಯಾಕೆ ಮಾಯವಾಗುತ್ತದೆ? ಮರಳಿ ತರುವುದು ಹೇಗೆ?

ಮೊದಲು ಫೈಲಿನ ಒಂದು ಪ್ರತಿ ಮಾಡಿಕೊಂಡು ಅದರಲ್ಲೇ ಪ್ರಯತ್ನಿಸಬೇಕು. ಆಮೇಲೆ ಒಂದೊಂದೇ ಕಾರಣ ನೋಡುತ್ತಾ ಹೋಗಬೇಕು.

1. ಲೇಯರ್: ಗೋಡೆ ಒಂದು ಪದರದಲ್ಲಿ, ಅಳತೆ ಇನ್ನೊಂದು ಪದರದಲ್ಲಿ ಇರುತ್ತದೆ. ಅಳತೆಯ ಪದರ ಆಫ್ ಅಥವಾ ಫ್ರೀಜ್ ಆಗಿದ್ದರೆ ಅದು ಕಾಣುವುದಿಲ್ಲ. ಆನ್ ಮಾಡಿ, ಥಾ ಮಾಡಿದರೆ ಮರಳಿ ಬರುತ್ತದೆ. ಪರದೆಯ ಮೇಲೆ ಕಾಣುವ ಅಳತೆ ಪ್ರಿಂಟ್‌ನಲ್ಲಿ ಮಾತ್ರ ಬರದಿದ್ದರೆ, ಅದು 'ಡೆಫ್‌ಪಾಯಿಂಟ್ಸ್' ಎಂಬ ಪದರದಲ್ಲಿ ಕುಳಿತಿರಬಹುದು. ಆ ಪದರ ಪ್ರಿಂಟ್ ಆಗುವುದೇ ಇಲ್ಲ.

2. ಸ್ಕೇಲ್: ಆಟೋಕ್ಯಾಡ್ 2008ರಲ್ಲಿ 'ಅನೊಟೇಟಿವ್' ಎಂಬ ಸೌಲಭ್ಯ ಬಂತು. ಇದನ್ನು ಬಳಸಿ ಬರೆದ ಅಳತೆ ತನಗೆ ಗೊತ್ತುಪಡಿಸಿದ ಸ್ಕೇಲ್‌ನಲ್ಲಿ ಮಾತ್ರ ಕಾಣುವಂತೆ ಇಡಬಹುದು. ಬೇರೆ ಸ್ಕೇಲ್ ಆಯ್ಕೆಯಾಗಿದ್ದರೆ ಅಡಗಿಕೊಳ್ಳುತ್ತದೆ. 'ಅನ್ನೋಆಲ್‌ವಿಸಿಬಲ್' ಎಂಬುದನ್ನು 1 ಮಾಡಿದರೆ ಎಲ್ಲವೂ ಹೊರಬರುತ್ತವೆ.

3. ಫಾಂಟ್: ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಆ ಕಂಪ್ಯೂಟರ್‌ನಲ್ಲಿ ಬೇಕಾದ ಫಾಂಟ್ ಇಲ್ಲ ಎಂದು ಅನುಮಾನಿಸಬೇಕು. ಬರೀ ಖಾಲಿ ಚೌಕಗಳು ಕಂಡರೆ 'ಕ್ಯೂಟೆಕ್ಸ್ಟ್' ಆಫ್ ಮಾಡಿ 'ರೀಜೆನ್' ಕೊಡಬೇಕು.

4. ಬೇರೆ ತಂತ್ರಾಂಶ: ಸಿವಿಲ್ 3ಡಿಯಂಥ ವಿಶೇಷ ತಂತ್ರಾಂಶದಲ್ಲಿ ಮಾಡಿದ ಕೆಲವು ವಸ್ತುಗಳು ಬೇರೆಡೆ ತೆರೆದಾಗ ಸರಿಯಾಗಿ ಕಾಣುವುದಿಲ್ಲ. ಮೂಲ ತಂತ್ರಾಂಶದಿಂದಲೇ ಸಾದಾ ರೂಪಕ್ಕೆ ಬದಲಿಸಿ ಕಳಿಸಲು ಕೇಳಬೇಕು.

5. ಜೋಡಿಸಿದ ಫೈಲ್: ಅಳತೆಗಳು ಇನ್ನೊಂದು ಫೈಲಿನಲ್ಲಿದ್ದು, ಒಂದೇ ಫೈಲ್ ಕಳಿಸಿದ್ದರೆ ಅವು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಕಳಿಸಬೇಕು.

ಇವೆಲ್ಲ ಸರಿಯಿದ್ದರೂ ಕಾಣದಿದ್ದರೆ ಫೈಲೇ ಕೆಟ್ಟಿರಬಹುದು. ಅದಕ್ಕೆ 'ಆಡಿಟ್', 'ರಿಕವರ್' ಎಂಬ ಆಜ್ಞೆಗಳಿವೆ.

ಕನ್ನಡದ ಟಿಪ್ಪಣಿಗಳಿಗೆ ಬೇರೆಯೇ ತೊಂದರೆ

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬಹಳ ಮಂದಿ ಅದನ್ನು ಕಸ ಎಂದುಕೊಂಡು ಅಳಿಸಿಬಿಡುತ್ತಾರೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕಣೆ ಮನೆಯ ಪ್ಲಾನ್‌ನಲ್ಲಿ 'ಕಿಟಕಿಗೆ ನೈಲಾನ್ ಬಲೆ ಹಾಕಬೇಕು' ಎಂಬ ಒಂದು ಸಾಲು ಹೀಗೆ ಹೋದರೆ, ಊಜಿ ನೊಣಕ್ಕೆ ದಾರಿ ಬಿಟ್ಟಂತೆ. ಅದೇ ಫಾಂಟ್ ಹಾಕಿಕೊಂಡರೆ ಸಾಲು ಓದಲು ಬರುತ್ತದೆ. ಮುಂದೆ ಮತ್ತೆ ಹೀಗಾಗದಿರಲು ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳುವುದು ಒಳ್ಳೆಯದು.

ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದೇ?

ಬೇಡ. ಎ3 ಹಾಳೆಗೆ ಮಾಡಿದ ಪ್ಲಾನ್ ಅನ್ನು ಎ4 ಹಾಳೆಗೆ ಹೊಂದಿಸಿ ಪ್ರಿಂಟ್ ತೆಗೆದರೆ ಗೆರೆಗಳು ಸುಮಾರು ಶೇ. 71ಕ್ಕೆ ಇಳಿಯುತ್ತವೆ. 10 ಅಡಿಯ ಕೋಣೆ 7 ಅಡಿಯಂತೆ ಅಳತೆಗೆ ಸಿಗುತ್ತದೆ. ಮೊಬೈಲ್ ಪರದೆಯಲ್ಲಂತೂ ಬೆರಳಿಟ್ಟು ಹಿಗ್ಗಿಸಿದಷ್ಟೂ ಬದಲಾಗುತ್ತದೆ.

ಅಂದಾಜೂ ಕೈಕೊಡುತ್ತದೆ. ಗೋಡೆಯ ನಡುವಿನಿಂದ ನಡುವಿಗೆ 10 ಅಡಿ ಎಂದು ಕೊಟ್ಟಿದ್ದರೆ, ಗೋಡೆ 9 ಅಂಗುಲ ದಪ್ಪವಿದ್ದಾಗ ಒಳಗೆ ಸಿಗುವುದು 9 ಅಡಿ 3 ಅಂಗುಲ ಮಾತ್ರ. ಮಂಚ, ಬೀರು ಇಡುವ ಜಾಗದಲ್ಲಿ 9 ಅಂಗುಲ ಸಣ್ಣ ಮಾತಲ್ಲ. ಕಟ್ಟಿದ ಗೋಡೆಯನ್ನು ಲೇಯರ್‌ನಂತೆ ಆಫ್ ಮಾಡಲು ಆಗುವುದಿಲ್ಲ.

ಎಲ್ಲವೂ ಮರಳಿ ಬರುತ್ತದೆಯೇ?

ಇಲ್ಲ. ಫೋಟೋ ಅಥವಾ ಸ್ಕ್ರೀನ್‌ಶಾಟ್ ಆಗಿ ಬಂದ ಪ್ಲಾನ್‌ನಲ್ಲಿ ಕಾಣದ್ದನ್ನು ಯಾವ ಆ್ಯಪ್ ಕೂಡ ಹೊರತೆಗೆಯಲಾರದು. ಅಡಗಿದ ಅಳತೆ ಇರುವುದು ಮೂಲ ಡಿಡಬ್ಲ್ಯುಜಿ ಫೈಲಿನಲ್ಲಿ. ಅಲ್ಲೂ ನಿಜವಾಗಿ ಅಳಿಸಿ ಸೇವ್ ಮಾಡಿದ್ದರೆ ಹಳೆಯ ಪ್ರತಿಯನ್ನೇ ಹುಡುಕಬೇಕು, ಇಲ್ಲವೇ ಎಂಜಿನಿಯರ್ ಮತ್ತೆ ಅಳತೆ ಹಾಕಬೇಕು.

ಇನ್ನೊಂದು ಎಚ್ಚರಿಕೆ: ಮರಳಿ ಬಂದ ಅಂಕಿಯೆಲ್ಲ ಸರಿ ಎಂದೇನಿಲ್ಲ. ಕ್ಯಾಡ್‌ನಲ್ಲಿ ಲೆಕ್ಕದ ಅಂಕಿಯ ಮೇಲೆ ಕೈಯಾರೆ ಬೇರೆ ಅಂಕಿ ಬರೆಯಬಹುದು. ಆಮೇಲೆ ಗೋಡೆ ಸರಿಸಿದರೂ ಆ ಅಂಕಿ ಬದಲಾಗುವುದಿಲ್ಲ.

ನೀವು ಏನು ಮಾಡಬಹುದು?

ಪ್ಲಾನ್ ಅನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಳತೆ ಕಾಣುವ ಪಿಡಿಎಫ್ ಜೊತೆಗೆ ಡಿಡಬ್ಲ್ಯುಜಿ ಫೈಲನ್ನೂ ಕೇಳಿ ಇಟ್ಟುಕೊಳ್ಳಿ. ಆಮೇಲೆ ಒಂದು ಕೂಡುವ ಲೆಕ್ಕ ಮಾಡಿ. ಹೊರಗಿನಿಂದ ಹೊರಗೆ 30 ಅಡಿ ಅಗಲದ ಮನೆಗೆ 9 ಅಂಗುಲದ ಮೂರು ಗೋಡೆ ಎಂದರೆ 2 ಅಡಿ 3 ಅಂಗುಲ. ಕೋಣೆಗಳು 13 ಅಡಿ 9 ಅಂಗುಲ ಮತ್ತು 14 ಅಡಿ ಇದ್ದರೆ ಒಟ್ಟು ಸರಿಯಾಗಿ 30 ಅಡಿ. ಕೂಡಿದಾಗ ಹೊಂದದಿದ್ದರೆ ಪಾಯ ತೆಗೆಯುವುದನ್ನು ನಿಲ್ಲಿಸಿ ಎಂಜಿನಿಯರ್‌ಗೆ ಫೋನ್ ಮಾಡಿ.

ಕೊನೆಯದಾಗಿ, ಅಂಕಿ ಕಾಣಲಿಲ್ಲ ಎಂದು ಯಾರನ್ನೋ ದೂರಿ ಗುಂಪಿಗೆ ಫಾರ್ವರ್ಡ್ ಮಾಡುವ ಮುನ್ನ ಮೂಲ ಫೈಲ್ ತೆರೆಸಿ ನೋಡಿ. ಬಹುಪಾಲು ಸಲ ಅಳತೆ ಅಲ್ಲೇ ಇರುತ್ತದೆ.