ಅಮೋನಿಯಾ: ಮೊದಲು ಹೊಲಕ್ಕೆ, ಆಮೇಲೆ ಒಲೆಗೆ

2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಅಸುನೀಗಿದರು. ಗೊಬ್ಬರದ ಚೀಲ ತಡವಾದರೆ ಏನಾಗುತ್ತದೆಂಬುದನ್ನು, ಆಗ ಸರ್ಕಾರಿ ಸೇವೆಯಲ್ಲಿದ್ದ ನನಗೆ ಅರ್ಥಶಾಸ್ತ್ರದ ಯಾವ ಪಠ್ಯವೂ ಅಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ. ಆ ಗೊಬ್ಬರದ ಮೂಲದ್ರವ್ಯವಾದ ಅಮೋನಿಯಾ ಈಗ ಭವಿಷ್ಯದ ಇಂಧನವೆಂಬ ಬಿರುದು ಹೊತ್ತಿದೆ.

ಉರಿಸಿದಾಗ ಅದು ಇಂಗಾಲದ ಡೈಆಕ್ಸೈಡ್ ಉಗುಳುವುದಿಲ್ಲವೆಂಬುದು ನಿಜ. ಜಪಾನಿನ ಹೆಕಿನಾನ್ ಉಷ್ಣ ವಿದ್ಯುತ್ ಸ್ಥಾವರದ ಒಂದು ಘಟಕದಲ್ಲಿ 2024ರಲ್ಲಿ ಕಲ್ಲಿದ್ದಲಿನ ಜೊತೆ ಶೇ 20ರಷ್ಟು ಅಮೋನಿಯಾ ಉರಿಸುವ ಪ್ರಯೋಗ ನಡೆಯಿತು. ಅದೇ ವರ್ಷದ ಜನವರಿಯಲ್ಲಿ, ಒಡಿಶಾದಿಂದ ವರ್ಷಕ್ಕೆ 4 ಲಕ್ಷ ಟನ್ ಹಸಿರು ಅಮೋನಿಯಾವನ್ನು ಜಪಾನಿಗೆ ಕಳುಹಿಸುವ ಪ್ರಾಥಮಿಕ ಒಪ್ಪಂದವೂ ಆಯಿತು.

ಇಲ್ಲಿ ಸ್ವಲ್ಪ ಲೆಕ್ಕ ಕೇಳಬೇಕು. ಸೌರ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆದು, ಅದನ್ನು ಗಾಳಿಯ ಸಾರಜನಕದೊಡನೆ ಬೆಸೆದು ಒಂದು ಟನ್ ಅಮೋನಿಯಾ ತಯಾರಿಸಲು ಸುಮಾರು 10 ಸಾವಿರ ಯೂನಿಟ್ ಬೇಕು. ಅದನ್ನು ಸ್ಥಾವರದಲ್ಲಿ ಉರಿಸಿದರೆ ಮರಳಿ ಸಿಗುವುದು ಸುಮಾರು 2 ಸಾವಿರ ಯೂನಿಟ್. ಹತ್ತು ಕೊಟ್ಟು ಎರಡು ಪಡೆಯುವ ಈ ವ್ಯಾಪಾರವನ್ನು ಹಣಕಾಸು ಇಲಾಖೆಯ ಕಿರಿಯ ಗುಮಾಸ್ತನೂ ಒಪ್ಪಲಾರ. ದಹನ ಹದ ತಪ್ಪಿದರೆ ನೈಟ್ರಸ್ ಆಕ್ಸೈಡ್ ಹೊರಬರಬಹುದು. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ.

ಸಿಮೆಂಟಿನ ಕುಲುಮೆಗೂ ಇದು ಪೂರ್ಣ ಪರಿಹಾರವಲ್ಲ. ಅಲ್ಲಿನ ಹೊಗೆಯ ಇಂಗಾಲದಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಸುಣ್ಣದ ಕಲ್ಲಿನಿಂದಲೇ. ಸಾಗರ ದಾಟುವ ಹಡಗುಗಳ ಮಾತು ಬೇರೆ. ಅವನ್ನು ಬ್ಯಾಟರಿಯಿಂದ ನಡೆಸುವುದು ಕಷ್ಟ. ನಾವಿಕರನ್ನು ಈ ವಿಷಾನಿಲದಿಂದ ಕಾಪಾಡುವ ವ್ಯವಸ್ಥೆಯಾದರೆ ಅಲ್ಲಿ ನನ್ನ ತಕರಾರಿಲ್ಲ.

ಜಗತ್ತು ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯಾ ತಯಾರಿಸುತ್ತದೆ. ಬಹುಪಾಲು ಗೊಬ್ಬರಕ್ಕೆ, ಹೆಚ್ಚುಕಡಿಮೆ ಎಲ್ಲವೂ ಅನಿಲ, ಕಲ್ಲಿದ್ದಲಿನಿಂದ. ಮೊದಲು ಶುದ್ಧವಾಗಬೇಕಾದದ್ದು ಇದು. 2025ರಲ್ಲಿ ಗೊಬ್ಬರ ಕಾರ್ಖಾನೆಗಳಿಗೆಂದು ಕೇಂದ್ರ ನಡೆಸಿದ ಹರಾಜಿನಲ್ಲಿ ಪಾರಾದೀಪಕ್ಕೆ ಕಿಲೋಗೆ ₹55.75ರ ದರ ಬಂದದ್ದು ನನಗೂ ಅಚ್ಚರಿ ತಂದಿತು. ಯೂರಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಬೇಕಾದ್ದರಿಂದ ಅದರ ಸರದಿ ತಡ. ಡಿಎಪಿ, ಸಂಯುಕ್ತ ಗೊಬ್ಬರಗಳಿಗೆ ಆ ತೊಡಕಿಲ್ಲ.

ಹಸಿರು ಅಮೋನಿಯಾ ಘಟಕಗಳಿಗೆ ಅಂತರರಾಜ್ಯ ವಿದ್ಯುತ್ ಪ್ರಸರಣ ಶುಲ್ಕದ ವಿನಾಯಿತಿ ಘೋಷಿಸಲಾಗಿದೆ. ಆ ಹೊರೆ ಕೊನೆಗೆ ಬೀಳುವುದು ಉಳಿದ ಬಳಕೆದಾರರ ಮೇಲೆ. ಪರದೇಶದ ಬಾಯ್ಲರಿಗೆ ಹೋಗುವ ಅಮೋನಿಯಾಕ್ಕೆ ಈ ರಿಯಾಯಿತಿ ಏಕೆ? ಅದನ್ನು ದೇಶದ ಗೊಬ್ಬರ ಕಾರ್ಖಾನೆಗಳಿಗೆ ಪೂರೈಸುವವರಿಗೆ ಮೀಸಲಿಟ್ಟು, ರಫ್ತುದಾರರಿಂದ ಪೂರ್ಣ ಶುಲ್ಕ ವಸೂಲು ಮಾಡಲಿ.