ರಕ್ತ ಹೆಚ್ಚಿಸುವ ಪುಡಿಗೆ ಪರೀಕ್ಷೆ ಬೇಡವೇ?

ರಕ್ತಹೀನತೆ ನಮ್ಮಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದನ್ನು ಕಾಯಿಲೆ ಎಂದು ಪರಿಗಣಿಸುವುದನ್ನೇ ನಾವು ಬಿಟ್ಟಂತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 47.8. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇ 65.5. ಕೊರತೆ ಇಷ್ಟು ದೊಡ್ಡದಾಗಿರುವಾಗ ಅದನ್ನು ತುಂಬಿಕೊಡುತ್ತೇವೆ ಎನ್ನುವ ಸರಕುಗಳು ಮಾರುಕಟ್ಟೆಗೆ ಬರುವುದು ಸಹಜ. ನುಗ್ಗೆಸೊಪ್ಪಿನ ಪುಡಿ, ಬೀಟ್‌ರೂಟ್ ಮಾತ್ರೆ, ಖರ್ಜೂರದ ಪಾಕ ಇಂದು ಔಷಧದಂಗಡಿಯ ಕಪಾಟಿನಲ್ಲಿ ಕಬ್ಬಿಣಾಂಶದ ಮಾತ್ರೆಯ ಪಕ್ಕದಲ್ಲೇ ಕುಳಿತಿವೆ. ‘ಸಸ್ಯಜನ್ಯ’, ‘ಅಡ್ಡಪರಿಣಾಮವಿಲ್ಲ’ ಎಂಬ ಎರಡು ಮಾತುಗಳೇ ಅವುಗಳ ಬಂಡವಾಳ.

ಸೊಪ್ಪಿನ ಬಗ್ಗೆ ನನಗೆ ತಕರಾರಿಲ್ಲ. ನುಗ್ಗೆ, ದಂಟು, ಹೊನಗೊನ್ನೆ ನಮ್ಮ ಊಟದಲ್ಲಿ ಇನ್ನಷ್ಟು ಇರಬೇಕು. ನನ್ನ ಪ್ರಶ್ನೆ ಬೇರೆ. ಒಂದು ಪುಡಿ ಡಬ್ಬಿಯೊಳಗೆ ಸೇರಿ, ಬೆಲೆ ಹಚ್ಚಿಕೊಂಡು, ರಕ್ತ ಹೆಚ್ಚಿಸುವ ಭರವಸೆ ಕೊಡತೊಡಗಿದ ಮೇಲೂ ಅದನ್ನು ಬರಿಯ ಸೊಪ್ಪು ಎಂದು ಸುಮ್ಮನೆ ಬಿಡಬಹುದೇ?

ಸರಳವಾದ ಲೆಕ್ಕವೊಂದನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಯ ದೈನಂದಿನ ಆಹಾರದಲ್ಲಿ 29 ಮಿಲಿಗ್ರಾಂ ಕಬ್ಬಿಣಾಂಶ ಇರಬೇಕು. ಹಸಿ ನುಗ್ಗೆಸೊಪ್ಪಿನ ನೂರು ಗ್ರಾಂನಲ್ಲಿ ಇರುವುದು ಸುಮಾರು ನಾಲ್ಕೂವರೆ ಮಿಲಿಗ್ರಾಂ. ಒಣಗಿಸಿ ಪುಡಿ ಮಾಡಿದರೆ ಅಂಶ ಸಾಂದ್ರವಾಗುವುದು ನಿಜ. ಆದರೂ ಐದು ಗ್ರಾಂನ ಒಂದು ಚಮಚದಲ್ಲಿ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಮಿಲಿಗ್ರಾಂ ಮಾತ್ರ. ಅದರಲ್ಲೂ ದೇಹ ಹೀರಿಕೊಳ್ಳುವುದು ಅತ್ಯಲ್ಪ. ಸಸ್ಯಗಳಲ್ಲಿನ ಫೈಟೇಟ್ ಮತ್ತು ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಈ ಅಡ್ಡಿಯನ್ನು ಹೆಚ್ಚಿಸುತ್ತವೆ. ನಿಂಬೆರಸ, ನೆಲ್ಲಿಕಾಯಿ ತಗ್ಗಿಸುತ್ತವೆ. ಇತ್ತ ಗರ್ಭಿಣಿಯರಿಗೆ ಸರ್ಕಾರ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ಚಮಚ ಪುಡಿಯನ್ನು ಈ ಮಾತ್ರೆಗೆ ಬದಲಿ ಎಂದು ನಂಬಿಸುವುದು ಎಷ್ಟು ಅಪಾಯಕರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ ಎಂದು ಬೇಸತ್ತ ಹೆಣ್ಣುಮಗಳಿಗೆ ಪುಡಿ ಆಕರ್ಷಕವಾಗಿ ಕಾಣುತ್ತದೆ. ಆದರೆ ಹೆರಿಗೆಯ ಹೊತ್ತಿನಲ್ಲಿ ರಕ್ತಸ್ರಾವವಾದಾಗ ತೀವ್ರ ರಕ್ತಹೀನತೆ ಇದ್ದವಳ ಜೀವಕ್ಕೇ ಕುತ್ತು.

‘ಇದನ್ನು ತೆಗೆದುಕೊಂಡೆ, ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿತು’ ಎಂಬ ಅನುಭವದ ಮಾತುಗಳಿಗೆ ಕೊರತೆಯಿಲ್ಲ. ಅವೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಏರಿಕೆಗೆ ಪುಡಿಯೇ ಕಾರಣವೆಂದು ಅವು ಸಾಬೀತುಪಡಿಸುವುದೂ ಇಲ್ಲ. ಅಳತೆ ತೀರ ಕಡಿಮೆ ಬಂದವರನ್ನೇ ಆರಿಸಿ ಮತ್ತೆ ಅಳೆದರೆ, ಏನೂ ಕೊಡದಿದ್ದರೂ ಅವರ ಸರಾಸರಿ ತುಸು ಮೇಲೇರುತ್ತದೆ. ಇದು ಸಂಖ್ಯಾಶಾಸ್ತ್ರದ ಹಳೆಯ ಪಾಠ. ಅದೇ ಅವಧಿಯಲ್ಲಿ ಜಂತುಹುಳುವಿನ ಮಾತ್ರೆ ನುಂಗಿರಬಹುದು, ಊಟ ಸುಧಾರಿಸಿರಬಹುದು. ಅಳೆಯುವ ವಿಧಾನದಿಂದಲೂ ಅಂಕಿ ಬದಲಾಗುತ್ತದೆ. ಬೆರಳಿಗೆ ಚುಚ್ಚಿ ತೆಗೆದ ಹನಿ ರಕ್ತವನ್ನು ಪರೀಕ್ಷಿಸಿದ 2015–16ರ ಕುಟುಂಬ ಆರೋಗ್ಯ ಸಮೀಕ್ಷೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 58.6ರಷ್ಟು ರಕ್ತಹೀನತೆಯನ್ನು ಗುರುತಿಸಿತ್ತು. ರಕ್ತನಾಳದಿಂದಲೇ ರಕ್ತ ತೆಗೆದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಗೆ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡದ್ದು ಶೇ 41. ವಯೋಮಾನದಲ್ಲಿ ಅಲ್ಪ ವ್ಯತ್ಯಾಸವಿದೆ ಎಂದರೂ ಇದು ಸಣ್ಣ ಅಂತರವಲ್ಲ.

ಹಾಗಾದರೆ ಸಸ್ಯಾಹಾರದಿಂದ ಕಬ್ಬಿಣಾಂಶದ ಕೊರತೆ ನೀಗಬಹುದೇ ಎಂಬುದನ್ನು ಪರೀಕ್ಷಿಸಲು ಸಾಧ್ಯವಿಲ್ಲವೇ? ಖಂಡಿತ ಸಾಧ್ಯ, ಅದಕ್ಕೆ ಸಜ್ಜೆಯೇ ಸಾಕ್ಷಿ. ಕಬ್ಬಿಣಾಂಶ ಹೆಚ್ಚಿರುವಂತೆ ತಳಿ ಅಭಿವೃದ್ಧಿಪಡಿಸಿದ ಸಜ್ಜೆಯನ್ನು ನಮ್ಮ ರಾಜ್ಯದ ಪುಟ್ಟ ಮಕ್ಕಳಿಗೆ ತಿನ್ನಿಸಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಜ್ಜೆ ತಿಂದ ಮಕ್ಕಳಿಗಿಂತ ಇವರ ದೇಹ ಹೀರಿಕೊಂಡ ಕಬ್ಬಿಣ ಎರಡು ಪಟ್ಟಿಗೂ ಹೆಚ್ಚಿತ್ತು. 2015ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಅಧ್ಯಯನದಲ್ಲಿ 12ರಿಂದ 16 ವರ್ಷದ 246 ಶಾಲಾ ಮಕ್ಕಳಿಗೆ ಆರು ತಿಂಗಳು ಸಜ್ಜೆಯ ಭಕ್ರಿ ಕೊಡಲಾಯಿತು. ಯಾರಿಗೆ ಯಾವ ಸಜ್ಜೆ ಎಂಬುದನ್ನು ನಿರ್ಧರಿಸಿದ್ದು ಸಂಶೋಧಕರ ಇಷ್ಟವಲ್ಲ, ಚೀಟಿ ಎತ್ತಿದಂಥ ಯಾದೃಚ್ಛಿಕ ಆಯ್ಕೆ. ಮೊದಲೇ ಕೊರತೆಯಿದ್ದ ಮಕ್ಕಳ ಪೈಕಿ, ಹೊಸ ತಳಿಯನ್ನು ತಿಂದವರು ಕೊರತೆಯಿಂದ ಹೊರಬರುವ ಸಾಧ್ಯತೆ 1.64 ಪಟ್ಟು ಹೆಚ್ಚಿತ್ತು. ಪವಾಡ ಎನ್ನುವಂತಹ ಫಲಿತಾಂಶವಲ್ಲ. ಆದರೆ ನಂಬಬಹುದಾದ ಫಲಿತಾಂಶ. ದಿನವೂ ತಟ್ಟೆ ತುಂಬ ತಿನ್ನುವ ಧಾನ್ಯದಿಂದ ಆದ ಲಾಭವೇ ಇಷ್ಟು ಎಂದಾದರೆ, ಚಮಚ ಪುಡಿಯ ಬಗ್ಗೆ ಜಂಬ ಕೊಚ್ಚುವವರು ತುಸು ಯೋಚಿಸಬೇಕು.

ಪುಡಿಗಳಿಗೂ ಇದೇ ಒರೆಗಲ್ಲು ಅನ್ವಯಿಸಲಿ. ರಕ್ತಹೀನರಿಗೆ ಮಾತ್ರೆ ತಪ್ಪಿಸಿ ಪ್ರಯೋಗ ನಡೆಸುವುದು ಅನೈತಿಕ. ಆದ್ದರಿಂದ ಎಲ್ಲರಿಗೂ ಮಾತ್ರೆ ಕೊಟ್ಟು, ಅರ್ಧ ಮಂದಿಗೆ ಅಸಲಿ ಪುಡಿ, ಉಳಿದವರಿಗೆ ನೋಟಕ್ಕೂ ರುಚಿಗೂ ಅದರಂತೆಯೇ ಇರುವ ನಿಷ್ಕ್ರಿಯ ಪುಡಿ ಕೊಡಬೇಕು. ಯಾರಿಗೆ ಯಾವುದು ಎಂಬುದು ಪರೀಕ್ಷಕರಿಗೂ ತಿಳಿದಿರಬಾರದು. ಹಿಮೋಗ್ಲೋಬಿನ್ ಜೊತೆಗೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಅನ್ನೂ ಅಳೆಯಬೇಕು. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುವುದರಿಂದ ಅದರ ತಪಾಸಣೆಯೂ ಆಗಬೇಕು. ಎಲೆಯ ಸತ್ವ ಮಣ್ಣಿನಿಂದ ಮಣ್ಣಿಗೆ ಬದಲಾಗುವ ಕಾರಣ ಪ್ರತಿ ತಯಾರಿಕೆಯಲ್ಲೂ ಕಬ್ಬಿಣಾಂಶವೆಷ್ಟು, ಸೀಸವೇನಾದರೂ ಸೇರಿದೆಯೇ ಎಂದು ನೋಡಬೇಕು. 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ವ್ಯವಸ್ಥೆಯಲ್ಲಿ ಪ್ರಯೋಗವನ್ನು ಮೊದಲೇ ದಾಖಲಿಸಬೇಕು. ಆಗ ಸೋತ ಪ್ರಯೋಗವನ್ನು ಬಚ್ಚಿಡುವುದು ಸುಲಭವಾಗದು.

ಇದನ್ನು ಸಸ್ಯಮೂಲದ ಪದಾರ್ಥಗಳ ಮೇಲಿನ ಹಗೆ ಎಂದು ಯಾರೂ ಭಾವಿಸಬೇಕಿಲ್ಲ. ಕಬ್ಬಿಣಾಂಶದ ಮಾತ್ರೆಯೂ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ. ದಿನವೂ ನುಂಗುವುದಕ್ಕಿಂತ ದಿನ ಬಿಟ್ಟು ದಿನ ನುಂಗಿದರೆ ದೇಹ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತದೆ ಎಂದು 2017ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನ ತೋರಿಸಿತು. ಮಾತ್ರೆಗೆ ಇರುವ ಈ ನಿಷ್ಠುರ ನಿಯಮ ಪುಡಿಗೆ ಯಾಕಿರಬಾರದು?

ಇನ್ನೊಂದು ಸಂಗತಿಯೂ ಇದೆ. ರಕ್ತಹೀನತೆಗೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಪೋಷಣಾ ಸಮೀಕ್ಷೆಯಲ್ಲಿ ಶೇ 31ರಷ್ಟು ಹದಿಹರೆಯದವರಿಗೆ ಬಿ–12 ಜೀವಸತ್ವದ ಕೊರತೆ ಕಂಡುಬಂದಿತ್ತು. ಆ ಜೀವಸತ್ವವನ್ನು ಯಾವ ಸೊಪ್ಪೂ ಕೊಡಲಾರದು. ಕಾರಣ ತಿಳಿಯದೆ ಪುಡಿ ತಿನ್ನುತ್ತ ತಿಂಗಳುಗಳನ್ನು ಕಳೆದರೆ ಹಣಕ್ಕಿಂತ ಹೆಚ್ಚಾಗಿ ಚಿಕಿತ್ಸೆಯ ಸಮಯ ನಷ್ಟವಾಗುತ್ತದೆ.

ಆಹಾರ ಪದಾರ್ಥವು ರೋಗವನ್ನು ಗುಣಪಡಿಸುತ್ತದೆ ಎಂದು ಜಾಹೀರಾತು ಕೊಡುವುದನ್ನು 2018ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಆದರೆ ಡಬ್ಬಿಯ ಮೇಲೆ ಕೆಂಪು ಹನಿಯ ಚಿತ್ರ ಬರೆದು, ಮಾತಿನಲ್ಲಿ ಹೇಳಲಾಗದ್ದನ್ನು ಬಣ್ಣದಲ್ಲಿ ಹೇಳುವುದು ಕಷ್ಟವೇನಲ್ಲ. ಸೂಚ್ಯವಾಗಿಯಾದರೂ ರಕ್ತವೃದ್ಧಿಯ ಭರವಸೆ ಕೊಡುವ ಪ್ರತಿಯೊಂದು ಉತ್ಪನ್ನದಿಂದಲೂ ನಿಯಂತ್ರಣ ಪ್ರಾಧಿಕಾರ ಪ್ರಯೋಗದ ದಾಖಲೆ ಕೇಳಬೇಕು. ಅಂಗನವಾಡಿ, ಹಾಸ್ಟೆಲುಗಳಿಗೆ ಇಂಥ ಪುಡಿ ಖರೀದಿಸುವ ಪ್ರಸ್ತಾವ ಬಂದಾಗ ಸರ್ಕಾರವೂ ಅದೇ ದಾಖಲೆಯನ್ನು ಮೊದಲು ನೋಡಬೇಕು. ಪರೀಕ್ಷೆಯಲ್ಲಿ ಗೆದ್ದ ಪುಡಿಯನ್ನು ಸ್ವಾಗತಿಸೋಣ. ಅಲ್ಲಿಯವರೆಗೆ ಸೊಪ್ಪು ಸಾರಿನಲ್ಲಿರಲಿ, ಮಾತ್ರೆ ಮನೆಯಲ್ಲಿರಲಿ.